ಟಿವಿಯ ಬಸಳೆಗೆ ಚುಕ್ಕೆ ಬೀಳುವುದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಗೊಬ್ಬರದ ಪ್ರಶ್ನೆ ಕಡಿಮೆ, ಟಿವಿಯ ಪ್ರಶ್ನೆ ಜಾಸ್ತಿ. ಹೋದ ತಿಂಗಳು ‘ಟಿವಿಯಲ್ಲಿ ಬರುವ ಕೈತೋಟದ ಕಾರ್ಯಕ್ರಮಗಳನ್ನೂ ಒಮ್ಮೆ ನೋಡಿ’ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಜನ ಪೆನ್ನು ಹಿಡಿದು ಕೂತುಬಿಟ್ಟಿದ್ದಾರೆ. ನಾಲ್ಕು ಪತ್ರ ಆರಿಸಿದ್ದೇನೆ.

ಪ್ರಶ್ನೆ: ನಲವತ್ತು ವರ್ಷದಿಂದ ಮನೆಗೆ ಬೇಕಾದ ತರಕಾರಿ ನಾನೇ ಬೆಳೆಯುತ್ತಿದ್ದೇನೆ. ಮೊದಲು ಟಿವಿಯಲ್ಲಿ ಕೃಷಿ ಎಂದರೆ ತಿಳಿದವರು ಕೂತು ಮಾತಾಡುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಈಗ ಬಣ್ಣದ ಟೀಶರ್ಟ್ ಹಾಕಿದ ಹುಡುಗ ಹುಡುಗಿ ‘ಹಾಯ್ ಫ್ರೆಂಡ್ಸ್’ ಎಂದು ಬರುತ್ತಾರೆ, ಬಾಲ್ಕನಿಯಲ್ಲಿ ನಾಲ್ಕು ಚಟ್ಟಿ ಇಡುತ್ತಾರೆ, ಕೊತ್ತಂಬರಿ ಬಿತ್ತಿ ಹೋಗುತ್ತಾರೆ. ಏನೂ ಗೊತ್ತಿಲ್ಲದವರಿಗೋಸ್ಕರ ಕಾರ್ಯಕ್ರಮ ಮಾಡಿದರೆ ಗೊತ್ತಿದ್ದವರು ಏನನ್ನು ನೋಡಬೇಕು?
— ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಮಾಷ್ಟ್ರೇ, ನಿಮ್ಮ ಸಿಟ್ಟು ಅರ್ಧ ಸರಿ. ಇನ್ನರ್ಧಕ್ಕೆ ನನ್ನ ತಕರಾರಿದೆ.

ನೀವು ಯಾವ ಕ್ಲಾಸಿಗೆ ಪಾಠ ಮಾಡುತ್ತಿದ್ದಿರೋ ಗೊತ್ತಿಲ್ಲ. ಒಂದನೇ ಕ್ಲಾಸಿಗೆ ಮಾಡಿದವರನ್ನು ಕೇಳಿ ನೋಡಿ, ಅ ಆ ಇ ಈ ಕಲಿಸುವುದೇ ಎಲ್ಲಕ್ಕಿಂತ ಕಷ್ಟ ಎನ್ನುತ್ತಾರೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಅರ್ಧ ಹೇಳಿದರೆ ಉಳಿದರ್ಧ ಅವರೇ ಊಹಿಸಿಕೊಳ್ಳುತ್ತಾರೆ. ಒಂದನೇ ಕ್ಲಾಸಿನಲ್ಲಿ ಏನನ್ನೂ ಬಿಡುವ ಹಾಗಿಲ್ಲ. ನೀವು ಹೇಳುವ ಆ ಹಾಯ್ ಫ್ರೆಂಡ್ಸ್ ಕಾರ್ಯಕ್ರಮದಲ್ಲಿ ಎಲ್ಲವನ್ನೂ ಬಿಟ್ಟಿರುತ್ತಾರಲ್ಲ, ಹಾಗಾಗಿ ಅದು ಕಲಿಯುವವರಿಗೆ ಮಾಡಿದ್ದು ಅಂತ ನನಗೆ ಅನಿಸುವುದೇ ಇಲ್ಲ. ಅದು ಸೋಫಾದಲ್ಲಿ ಕೂತು ನೋಡುವವರಿಗೆ ಮಾಡಿದ್ದು. ಅಡುಗೆ ಕಾರ್ಯಕ್ರಮ ನೋಡಿ ಯಾರೂ ಅಡುಗೆ ಮಾಡುವುದಿಲ್ಲ ನೋಡಿ, ಹಾಗೆ.

ಒಂದು ಹರಿವೆ ಬೀಜದ ಕಥೆ ಹೇಳುತ್ತೇನೆ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಹೊಸಬರು ಅದನ್ನು ಚಿಟಿಕೆಯಲ್ಲಿ ಹಿಡಿದು ಹಾಕಿದರೆ ಒಂದೇ ಕಡೆ ಐವತ್ತು ಬೀಳುತ್ತದೆ. ಅದರ ಮೇಲೆ ಎರಡು ಬೆರಳು ಮಣ್ಣು ಮುಚ್ಚಿದರೆ ಒಂದೂ ಮೇಲೆ ಬರುವುದಿಲ್ಲ. ಮುಚ್ಚದೆ ಬಿಟ್ಟರೆ ಸಂಜೆಯೊಳಗೆ ಇರುವೆಗಳು ಸಾಲು ಕಟ್ಟಿ ಹೊತ್ತೊಯ್ಯುತ್ತವೆ. ನನ್ನ ಅತ್ತೆ ಒಂದು ಹಿಡಿ ರವೆಯಲ್ಲಿ ಬೀಜ ಕಲಸಿ ಉದುರಿಸುತ್ತಿದ್ದರು. ಬೀಜ ದೂರ ದೂರ ಬೀಳುತ್ತದೆ, ಇರುವೆ ಮೊದಲು ರವೆಗೆ ಬಾಯಿ ಹಾಕುತ್ತದೆ, ಅದು ರವೆ ಸಾಗಿಸಿ ಮುಗಿಸುವಷ್ಟರಲ್ಲಿ ಹರಿವೆ ಮೊಳಕೆ ಒಡೆದಿರುತ್ತದೆ. ಟಿವಿಯವರು ಇಷ್ಟನ್ನು ತೋರಿಸಲು ಎರಡು ನಿಮಿಷ ಬೇಕು. ಅವರು ಏನು ಮಾಡುತ್ತಾರೆ? ‘ಬೀಜ ಹಾಕಿ, ಸ್ವಲ್ಪ ನೀರು ಕೊಡಿ’ ಎನ್ನುತ್ತಾರೆ, ಒಂದು ಮ್ಯೂಸಿಕ್ ಬರುತ್ತದೆ, ಹರಿವೆ ಮೊಣಕಾಲೆತ್ತರ ಬೆಳೆದು ನಿಂತಿರುತ್ತದೆ. ಆ ‘ಸ್ವಲ್ಪ’ ಎಂದರೆ ಎಷ್ಟು? ಒಂದು ಲೋಟವೋ, ಒಂದು ಕೊಡಪಾನವೋ? ಹೊಸಬನಿಗೆ ಬೇಕಾದದ್ದು ಆ ಮ್ಯೂಸಿಕ್ಕಿನ ಅಡಿಯಲ್ಲಿ ಹುಗಿದುಹೋದ ಇಪ್ಪತ್ತು ದಿನ.

ಇನ್ನು ಎಳೆಯರ ವಿಷಯ. ದೂರದರ್ಶನದಲ್ಲಿ ‘ಕೃಷಿ ದರ್ಶನ’ ಶುರುವಾದದ್ದು 1967ರ ಜನವರಿ 26ಕ್ಕೆ. ಅದು ರೈತರಿಗಾಗಿ ಮಾಡಿದ್ದು. ಹಾರೆ ಹಿಡಿಯುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಸ ತಳಿ, ಹೊಸ ಗೊಬ್ಬರ ಹೇಳಿದರೆ ಸಾಕಿತ್ತು. ಅ ಆ ಇ ಈ ಮನೆಯ ಹಿತ್ತಿಲಲ್ಲೇ ಆಗಿಹೋಗಿರುತ್ತಿತ್ತು, ಅಲ್ವಾ? ಈಗ ಉಪ್ಪಳದ ಫ್ಲ್ಯಾಟಿನಲ್ಲಿ ಬೆಳೆದ ಮಗುವಿಗೆ ಹಿತ್ತಿಲು ಎಲ್ಲಿದೆ? ಅಜ್ಜಿ ಹೇಳಿಕೊಡಬೇಕಾದದ್ದನ್ನು ಇನ್ಯಾರೋ ಹೇಳಿಕೊಡಬೇಕು. ಟಿವಿ ಹೇಳಿಕೊಟ್ಟರೆ ನನಗೆ ಬೇಸರವಿಲ್ಲ, ಸಂತೋಷವೇ. ಎಳೆಯರಿಗೆ ಇಷ್ಟವಾಗಲಿ ಅಂತ ಎಳೆಯರನ್ನೇ ನಿಲ್ಲಿಸಬೇಕು, ಕುಣಿಸಬೇಕು ಎನ್ನುವ ಲೆಕ್ಕ ಮಾತ್ರ ನನ್ನ ತಲೆಗೆ ಹತ್ತುವುದಿಲ್ಲ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗಳು ಹೇಳುತ್ತಾಳೆ, ಅಲ್ಲೂ ಇದೇ ಜಗಳವಂತೆ. ಬಿಬಿಸಿಯಲ್ಲಿ ‘ಗಾರ್ಡನರ್ಸ್ ವರ್ಲ್ಡ್’ ಎಂಬ ಕಾರ್ಯಕ್ರಮ 1968ರಿಂದ ಬರುತ್ತಿದೆ. ಅದರಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ಹಳೇ ಕಾಲದ ಪರ್ಸಿ ಥ್ರೋವರ್ ಅವರೂ ತಮ್ಮ ಮನೆಯ ತೋಟದಲ್ಲೇ ನಿಂತು ತೋರಿಸುತ್ತಿದ್ದರು, 2011ರಲ್ಲಿ ಕಾರ್ಯಕ್ರಮಕ್ಕೆ ಮರಳಿದ ಮಾಂಟಿ ಡಾನ್ ಅವರೂ ಹಾಗೇ ತಮ್ಮದೇ ತೋಟದಿಂದ ಮಾತಾಡುತ್ತಾರೆ. ವಾರ ವಾರ ಅದೇ ತೋಟ. ಮಾರ್ಚಿನಲ್ಲಿ ನೆಟ್ಟ ಗಿಡ ಜುಲೈಯಲ್ಲಿ ಏನಾಯಿತು ಎಂದು ನೋಡುವವರಿಗೆ ಗೊತ್ತಾಗುತ್ತದೆ. ಅಂಥ ಕಡೆ ಹೊಸಬನೂ ಕೂರಬಹುದು, ನೀವೂ ಕೂರಬಹುದು. ಹೊಸಬ ಬೀಜ ಹಾಕುವುದನ್ನು ನೋಡುತ್ತಾನೆ. ನೀವು ‘ಅಯ್ಯೋ, ಅಷ್ಟು ಹತ್ತಿರ ಯಾಕೆ ನೆಟ್ಟ ಇವನು’ ಎಂದು ಬೈಯಬಹುದು. ಸುಳ್ಳು ಹೇಳಬೇಡಿ ಮಾಷ್ಟ್ರೇ, ಆ ಬೈಯುವುದರಲ್ಲಿ ಸುಖ ಇದೆ.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ. ಟಿವಿಯಲ್ಲಿ ನೋಡಿ ಹನ್ನೆರಡು ಟೊಮೆಟೊ ಗಿಡ ನೆಟ್ಟೆ. ಅವರು ಹೇಳಿದ ಹಾಗೇ ಮಾಡಿದ್ದೇನೆ. ಹೂ ಬಿಡುವ ಹೊತ್ತಿಗೆ ಒಂದು ಗಿಡ ಬಾಡಿತು, ಮರುದಿನ ಇನ್ನೊಂದು. ಎಲೆ ಹಳದಿ ಆಗಲೇ ಇಲ್ಲ, ಹಸಿರಾಗಿಯೇ ಜೋತುಬಿತ್ತು. ಈಗ ಮೂರು ಉಳಿದಿವೆ. ಟಿವಿಯವರು ಸುಳ್ಳು ಹೇಳಿದ್ರಾ? ಯಾವ ಮದ್ದು ಹೊಡೆಯಲಿ?
— ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಮಗಾ, ಮೊದಲು ಮದ್ದಿನ ಡಬ್ಬಿ ಕೆಳಗಿಡು. ಒಂದು ಗಾಜಿನ ಲೋಟದಲ್ಲಿ ಶುದ್ಧ ನೀರು ತಗೋ. ಈಗಷ್ಟೇ ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗೇಣುದ್ದದ ತುಂಡನ್ನು ನೀರಿಗೆ ತಾಗುವ ಹಾಗೆ ಹಿಡಿದುಕೋ. ಅಲ್ಲಾಡಿಸಬೇಡ. ಐದು ನಿಮಿಷ ಕಾಯಿ. ಕತ್ತರಿಸಿದ ತುದಿಯಿಂದ ಬಿಳಿ ಹೊಗೆಯ ಹಾಗೆ, ಹಾಲಿನ ಎಳೆಯ ಹಾಗೆ ಏನೋ ಕೆಳಗೆ ಇಳಿದು ಬರುತ್ತದಾ? ಬಂದರೆ ಅದು ಬ್ಯಾಕ್ಟೀರಿಯಾದ ಬಾಡು ರೋಗ. ಮಣ್ಣಲ್ಲೇ ಇರುವ ರೋಗಾಣು ಬೇರಿನಿಂದ ಒಳಗೆ ಹೋಗಿ ನೀರಿನ ದಾರಿಯನ್ನೇ ಕಟ್ಟುತ್ತದೆ. ಹಾಗಾಗಿ ಎಲೆ ಹಸಿರಾಗಿರುವಾಗಲೇ ಗಿಡ ಬೀಳುತ್ತದೆ. ನಮ್ಮ ಮುರಕಲ್ಲಿನ ಹುಳಿ ಮಣ್ಣು, ಈ ತೇವ, ಈ ಸೆಕೆ, ಎಲ್ಲ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಬಾಡಿದ ಗಿಡಕ್ಕೆ ಏನು ಹೊಡೆದರೂ ಪ್ರಯೋಜನವಿಲ್ಲ. ಬುಡದ ಮಣ್ಣಿನ ಸಮೇತ ಕಿತ್ತು ದೂರ ಹಾಕು, ಗೊಬ್ಬರದ ಗುಂಡಿಗೆ ಹಾಕಬೇಡ. ಆ ಜಾಗದಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸು ಬೇಡ, ಮೂರೂ ಒಂದೇ ಕುಟುಂಬ. ಅಲಸಂಡೆ ಹಾಕು. ಮಣ್ಣಿಗೆ ಸುಣ್ಣ ಸೇರಿಸು. ಮುಂದಿನ ಸಲಕ್ಕೆ ತಳಿ ನೋಡಿ ತಗೋ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಇವೆ, ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇದೆ. ಇವು ಈ ರೋಗವನ್ನು ತಡೆದುಕೊಳ್ಳುತ್ತವೆ. ಸುಂಡೆ ಗಿಡದ ಮೇಲೆ ಕಸಿ ಕಟ್ಟಿದ ಟೊಮೆಟೊ ಸಸಿ ಸಿಕ್ಕಿದರೆ ಇನ್ನೂ ಒಳ್ಳೆಯದು.

ಟಿವಿಯವರು ಸುಳ್ಳು ಹೇಳಲಿಲ್ಲ. ಅವರು ತೋರಿಸಿದ ಮಣ್ಣಿನಲ್ಲಿ ಅದು ನಿಜವೇ ಇರಬಹುದು. ಆದರೆ ಒಂದು ಗಿಡ ಸತ್ತದ್ದನ್ನು ತೋರಿಸಿ, ಲೋಟದ ಈ ಪರೀಕ್ಷೆ ಮಾಡಿಸಿದ್ದರೆ ನಿನ್ನ ವಯಸ್ಸಿನವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಇದಕ್ಕಿಂತ ದೊಡ್ಡ ಮ್ಯಾಜಿಕ್ ಯಾವುದು ಬೇಕು? ಹಾಗೆ ಮಾಡುವುದಿಲ್ಲ. ಟಿವಿಯಲ್ಲಿ ಗಿಡ ಸಾಯುವುದಿಲ್ಲ, ಆಮೇಲೆ ನಿಮ್ಮ ಮನೆಯಲ್ಲಿ ಸತ್ತಾಗ ‘ನನ್ನ ಕೈಗುಣವೇ ಸರಿ ಇಲ್ಲ’ ಎಂದು ನೀವು ಚಟ್ಟಿ ಮೂಲೆಗೆ ಹಾಕುತ್ತೀರಿ.

ಮದ್ದಿನ ಬಗ್ಗೆ ಇನ್ನೊಂದು ಮಾತು, ಸಿಟ್ಟು ಮಾಡಿಕೊಳ್ಳಬೇಡ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ಎಣ್ಮಕಜೆ ಪಂಚಾಯತಿನ ಮನೆಗಳಲ್ಲಿ ಇವತ್ತಿಗೂ ಅದರ ನೋವಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಮದ್ದನ್ನೇ ದೇಶದಲ್ಲಿ ನಿಷೇಧಿಸಿತು. ಏನಾಗಿದೆ ಎಂದು ನೋಡುವ ಮೊದಲೇ ‘ಯಾವುದು ಹೊಡೆಯಲಿ’ ಎಂದು ಕೇಳುವ ಅಭ್ಯಾಸ ನಮ್ಮೂರಿನಲ್ಲಿ ಇರಬಾರದು. ಹೊಸಬರಿಗಾಗಿ ಮಾಡುವ ಕಾರ್ಯಕ್ರಮದಲ್ಲಂತೂ ಡಬ್ಬಿಯ ಹೆಸರು ಎಲ್ಲಕ್ಕಿಂತ ಕೊನೆಗೆ ಬರಬೇಕು.

ಪ್ರಶ್ನೆ: ಕನ್ನಡ ಚಾನೆಲ್ ನೋಡಿದರೆ ಬಯಲುಸೀಮೆಯ ತೋಟ, ಮಲಯಾಳಂ ಚಾನೆಲ್ ನೋಡಿದರೆ ನನಗೆ ಅರ್ಧವೂ ತಿಳಿಯುವುದಿಲ್ಲ. ಕೃಷಿ ಭವನದವರು ಕೊಟ್ಟ ಬೀಜದ ಪ್ಯಾಕೆಟ್ ಮೇಲೂ ಮಲಯಾಳಂ. ಹೊಸದಾಗಿ ಕಲಿಯುವ ನಮ್ಮಂಥ ಕನ್ನಡದವರು ಯಾರನ್ನು ನೋಡಿ ಕಲಿಯಬೇಕು?
— ಗೃಹಿಣಿ, ಮುಳ್ಳೇರಿಯ

ಉತ್ತರ: ಅಕ್ಕಾ, ಈ ಪತ್ರ ಓದಿ ನಗು ಬಂತು, ಬೇಸರವೂ ಆಯಿತು. ನಮ್ಮ ಪಕ್ಕದ ಮನೆಯವರು ಒಮ್ಮೆ ಪ್ಯಾಕೆಟ್ ಮೇಲೆ ‘ಚೀರ’ ಎಂದು ಕೂಡಿಸಿ ಓದಿ, ಜೀರಿಗೆ ಇರಬೇಕು ಎಂದು ತಿಳಿದು, ಬಂದ ಹರಿವೆಯನ್ನೆಲ್ಲ ಕಳೆ ಅಂತ ಕಿತ್ತು ಹಾಕಿದ್ದರು. ನೀವು ಇಷ್ಟು ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ: ಚೀರ ಎಂದರೆ ಹರಿವೆ, ವೆಂಡ ಎಂದರೆ ಬೆಂಡೆ, ಪಯರ್ ಎಂದರೆ ಅಲಸಂಡೆ, ಪಾವಲ್ ಎಂದರೆ ಹಾಗಲ, ಪೀಚಿಂಗ ಎಂದರೆ ಹೀರೆ, ಮುಳಗ್ ಎಂದರೆ ಮೆಣಸು. ಉಳಿದದ್ದನ್ನು ಶಾಲೆಗೆ ಹೋಗುವ ಮಕ್ಕಳ ಹತ್ತಿರ ಓದಿಸಿ. ಇಲ್ಲದಿದ್ದರೆ ಕೃಷಿ ಭವನಕ್ಕೇ ಹೋಗಿ ಕೇಳಿ, ಸಂಕೋಚ ಬೇಡ.

ಟಿವಿಯ ಮಾತಿಗೆ ಬಂದರೆ, ನಿಮ್ಮ ದೂರು ನೂರಕ್ಕೆ ನೂರು ಸರಿ. ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು ಒಂದು ಸಾವಿರ ಮಿಲಿಮೀಟರ್ ಮಳೆ. ನಮಗೆ ಸುಮಾರು 3,500, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರಿನೊಳಗೆ. ಅಲ್ಲಿಯವರು ಜುಲೈಯಲ್ಲಿ ‘ದಿನಾ ನೀರು ಹಾಕಲು ಮರೆಯಬೇಡಿ’ ಎಂದರೆ ಇಲ್ಲಿ ನಾವು ಕೊಡೆ ಹಿಡಿದು ನೀರು ಹಾಕಬೇಕಾ? ನಮ್ಮಲ್ಲಿ ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಗೆ, ಬೆಂಡೆ, ಮುಳ್ಳುಸೌತೆ ಬೀಜ ಹಾಕುವಾಗ ಮಣ್ಣು ಏರಿಸಿ ಸಾಲು ಮಾಡುತ್ತಾರೆ, ನೀರು ನಿಂತು ಬುಡ ಕೊಳೆಯಬಾರದು ಅಂತ. ಬೇಸಗೆಯ ತರಕಾರಿಗೆ ಗುಂಡಿ ಮಾಡಿ ನೆಡುತ್ತಾರೆ, ಹಾಕಿದ ನೀರು ಅಲ್ಲೇ ನಿಲ್ಲಲಿ ಅಂತ. ಒಂದೇ ಗದ್ದೆ, ಆರು ತಿಂಗಳಿಗೆ ಪೂರಾ ಉಲ್ಟಾ. ಕಲಿಯುವವರಿಗೆ ಇದು ಮೊದಲ ಪಾಠ ಆಗಬೇಕು. ಬೆಂಗಳೂರಿನ ತಾರಸಿಯ ಮೇಲೆ ನಿಂತು ಇದನ್ನು ಹೇಳುವವರು ಯಾರು?

ಇಲ್ಲಿ ಹೇಳಿಕೊಡುವವರಿಗೆ ಬರ ಇಲ್ಲ. ಕಾಸರಗೋಡಿನಲ್ಲೇ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇದೆ, 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದ ಜಾಗ ಅದು. ತೆಂಕಕ್ಕೆ ಹೋದರೆ ಪಿಲಿಕೋಡಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಕೇಂದ್ರ. ಸುಡುಮಣ್ಣು (ಕಸಕಡ್ಡಿಯ ಜೊತೆ ಸುಟ್ಟು ಗೊಬ್ಬರಕ್ಕೆ ಹಾಕುವ ಮಣ್ಣು) ಮಾಡುವುದನ್ನು ಕಣ್ಣು ಮುಚ್ಚಿ ಹೇಳಿಕೊಡುವ ಅಜ್ಜಂದಿರು ಪ್ರತಿ ಊರಿನಲ್ಲಿ ಇದ್ದಾರೆ. ಕ್ಯಾಮರಾ ಒಂದು ಈ ಕಡೆ ತಿರುಗಬೇಕು, ಅಷ್ಟೆ. ಅಲ್ಲಿಯವರೆಗೆ ಟಿವಿ ನೋಡುವಾಗ ತಿಂಗಳ ಹೆಸರು ಕಿವಿಗೆ ಬಿದ್ದರೆ ನಂಬಬೇಡಿ. ಹೇಗೆ ನೆಡುವುದು ಎನ್ನುವುದನ್ನು ಟಿವಿಯಲ್ಲಿ ನೋಡಿ, ಯಾವಾಗ ಎನ್ನುವುದನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಕೇಳಿ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನಿಮ್ಮ ಹಿತ್ತಿಲು ಟಿವಿಯಲ್ಲಿ ಯಾವಾಗ ಬರುತ್ತದೆ ಅಕ್ಕಾ? ಸುಮ್ನೆ ಕೇಳಿದೆ.
— ಪೆರ್ಲದಿಂದ ಒಬ್ಬ ತಮ್ಮ

ಉತ್ತರ: ಬಂದಾಯಿತು ತಮ್ಮಾ! ಮೂರು ವರ್ಷದ ಹಿಂದೆ, ಒಂದೂವರೆ ನಿಮಿಷ. ಯಾವ ಚಾನೆಲ್ ಅಂತ ಕೇಳಬೇಡ.

ಸೆಪ್ಟೆಂಬರಿನಲ್ಲಿ ಬಂದಿದ್ದರು. ಮಳೆಗಾಲ ಕಳೆದ ಬಸಳೆ ಹೇಗಿರುತ್ತದೆ ನಿನಗೆ ಗೊತ್ತು, ಎಲೆ ತುಂಬ ಕೆಂಪು ಅಂಚಿನ ದುಂಡು ಚುಕ್ಕೆ. ನಾನು ಅದನ್ನೇ ಮೊದಲು ತೋರಿಸೋಣ ಅಂತ ಚಪ್ಪರದ ಅಡಿಗೆ ಕರೆದುಕೊಂಡು ಹೋದೆ. ಅವರು ಮೇಲೆ ಕೆಳಗೆ ನೋಡಿದರು. ‘ಮೇಡಂ, ಈ ಚುಕ್ಕೆ ಎಲೆ ಎಲ್ಲ ತೆಗೆದುಬಿಡಿ, ಸ್ಕ್ರೀನಲ್ಲಿ ಚಂದ ಕಾಣುವುದಿಲ್ಲ’ ಎಂದರು. ನಾನೂ ನನ್ನ ಮಗಳೂ ಕೂತು ಎರಡು ಬುಟ್ಟಿ ಎಲೆ ಕಿತ್ತೆವು. ಉಳಿದದ್ದಕ್ಕೆ ಅವರೇ ನೀರು ಚಿಮುಕಿಸಿದರು, ಹೊಳೆಯಲಿ ಅಂತ. ಆಮೇಲೆ ಬುಡದಲ್ಲಿ ನನ್ನನ್ನು ನಿಲ್ಲಿಸಿ ನಗಲು ಹೇಳಿದರು. ನಕ್ಕೆ. ರೋಗದ ಬಗ್ಗೆ ಒಂದು ಮಾತೂ ಇಲ್ಲ, ‘ಬಸಳೆ ಬೆಳೆಯುವುದು ಎಷ್ಟು ಸುಲಭ’ ಅಂತ ಹೇಳಿಸಿ ಮುಗಿಸಿದರು.

ಹೊರಡುವಾಗ, ಕ್ಯಾಮರಾ ಬ್ಯಾಗಿಗೆ ಸೇರಿದ ಮೇಲೆ, ಕ್ಯಾಮರಾ ಹಿಡಿದಿದ್ದ ಹುಡುಗ ಹಿಂದೆ ಉಳಿದ. ಬುಟ್ಟಿಯಿಂದ ಒಂದು ಎಲೆ ಎತ್ತಿಕೊಂಡು ‘ಅಕ್ಕಾ, ನಮ್ಮ ಮನೆಯ ಬಸಳೆಗೂ ಇದೇ ಆಗಿದೆ, ಅಮ್ಮ ಬುಡ ಸಮೇತ ಕಿತ್ತುಬಿಡುತ್ತೇನೆ ಎನ್ನುತ್ತಿದ್ದಾರೆ, ಏನು ಮಾಡುವುದು?’ ಎಂದು ಕೇಳಿದ. ಕೀಳಬೇಡಿ ಎಂದೆ. ಚುಕ್ಕೆ ಬಿದ್ದ ಎಲೆ ಮಾತ್ರ ತೆಗೆದು ಸುಡಿ, ಬಳ್ಳಿ ಒತ್ತಾಗಿದ್ದರೆ ಬಿಡಿಸಿ ಗಾಳಿ ಆಡಲು ಬಿಡಿ, ನೀರನ್ನು ಎಲೆಯ ಮೇಲೆ ಹಾಕದೆ ಬುಡಕ್ಕೆ ಹಾಕಿ, ಅದೂ ಬೆಳಿಗ್ಗೆ. ಮಳೆ ಬಿಟ್ಟ ಮೇಲೆ ಬರುವ ಹೊಸ ಚಿಗುರು ಚೆನ್ನಾಗಿರುತ್ತದೆ. ಹೊಸ ಚಪ್ಪರ ಮಾಡುವುದಾದರೆ ಆರೋಗ್ಯದ ಬಳ್ಳಿಯಿಂದ ಮೂರು ನಾಲ್ಕು ಗೆಣ್ಣಿರುವ ತುಂಡನ್ನೇ ತೆಗೆದುಕೊಳ್ಳಿ. ಅವನು ಮೊಬೈಲಿನಲ್ಲಿ ಎಲ್ಲ ಬರೆದುಕೊಂಡ. ಎರಡು ತುಂಡು ಬಳ್ಳಿ ಬಾಳೆಎಲೆಯಲ್ಲಿ ಸುತ್ತಿ ಕೊಟ್ಟು ಕಳಿಸಿದೆ.