ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿದ ಮಗಳನ್ನು ಮುಂದೆ ಎಲ್ಲಿಗೆ ಕಳಿಸಲಿ?

ನೀವು ಕೇಳಿದ್ದು ಇಷ್ಟು: ಮಗಳು ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾಳೆ. ಅಂಕ ಚೆನ್ನಾಗಿದೆ, ಮಲಯಾಳಂ ಅಷ್ಟಕ್ಕಷ್ಟೇ. ಇಲ್ಲೇ ಕೇರಳದ ಹನ್ನೊಂದನೇ ತರಗತಿಯಾದ ಪ್ಲಸ್ ವನ್‌ಗೆ ಸೇರಿಸುವುದಾ, ಮಂಗಳೂರಿಗೆ ಪಿಯುಸಿಗೆ ಕಳಿಸುವುದಾ, ಇವೆರಡೂ ಅಲ್ಲದೆ ಬೇರೆ ದಾರಿ ಇದೆಯಾ?

ನಾನು ಬದಿಯಡ್ಕ ಕಡೆಯವಳು. ಇದೇ ಪ್ರಶ್ನೆ 2011ರಲ್ಲಿ ನಮ್ಮ ಮನೆಯ ಜಗಲಿಯಲ್ಲೂ ಎದ್ದಿತ್ತು. ಈಗ ನಾನು ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯೊಂದರಲ್ಲಿ ಟೀಚರ್. ಮೇ ತಿಂಗಳು ಬಂತೆಂದರೆ ನೆರೆಕರೆಯ ಮಕ್ಕಳ ಜೊತೆ ಅಕ್ಷಯ ಕೇಂದ್ರದಲ್ಲಿ (ಸರಕಾರಿ ಆನ್‌ಲೈನ್ ಸೇವೆಯ ಕೇಂದ್ರ) ಕೂತು ಅವರ ಅರ್ಜಿ ತುಂಬಿಸುವುದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಎಲ್ಲರೂ ಮೊದಲು ಕೇಳುವುದು ಸೈನ್ಸಾ, ಕಾಮರ್ಸಾ ಅಂತ. ನಾನು ಮೊದಲು ಕೇಳುವುದು ಬೇರೆ. ಮಗಳು ಸೇರುವ ಕ್ಲಾಸಿನಲ್ಲಿ ಟೀಚರ್ ಪಾಠವನ್ನು ಬಿಡಿಸಿ ಹೇಳುವುದು ಯಾವ ಭಾಷೆಯಲ್ಲಿ? ಪುಸ್ತಕ ಯಾವ ಭಾಷೆಯಲ್ಲಿದೆ ಅಂತಲ್ಲ, ಬಿಡಿಸಿ ಹೇಳುವುದು ಯಾವ ಭಾಷೆಯಲ್ಲಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಪೇಟೆಯಲ್ಲಿ ಬೇಕಾದಷ್ಟು ಮಲಯಾಳಂ ಕಿವಿಗೆ ಬೀಳುತ್ತಿತ್ತು, ಅಷ್ಟೇ. ಹತ್ತರಲ್ಲಿ ಒಳ್ಳೆಯ ಗ್ರೇಡ್ ಬಂತು, ಅದಕ್ಕೆ ಸೈನ್ಸ್ ತೆಗೆದುಕೊಂಡೆ. ಫಿಸಿಕ್ಸ್ ಸರ್ ದಕ್ಷಿಣದ ಜಿಲ್ಲೆಯಿಂದ ಬಂದವರು. ಒಳ್ಳೆಯ ಮನುಷ್ಯ, ಕಷ್ಟಪಟ್ಟು ಕಲಿಸುತ್ತಿದ್ದರು. ಬೋರ್ಡಿನ ಮೇಲೆ ಇಂಗ್ಲಿಷ್, ಬಾಯಲ್ಲಿ ಮಲಯಾಳಂ. ನಾನು ಹತ್ತರವರೆಗೆ ಕಲಿತದ್ದು 'ವೇಗೋತ್ಕರ್ಷ'. ಪುಸ್ತಕದಲ್ಲಿ ಈಗ ಅದು ಆಕ್ಸಿಲರೇಷನ್. ಸರ್ ಬಾಯಲ್ಲಿ 'ತ್ವರಣಂ'. ಮೂರೂ ಒಂದೇ ಅಂತ ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಪಾಠದ ಕೊನೆಗೆ ಅವರು 'ಮನಸ್ಸಿಲಾಯೋ?', ಅಂದರೆ ಅರ್ಥ ಆಯಿತಾ, ಅಂತ ಕೇಳುತ್ತಿದ್ದರು. ಕನ್ನಡ ಶಾಲೆಯಿಂದ ಬಂದ ನಾವು ಏಳೆಂಟು ಜನ ತಲೆ ಆಡಿಸುತ್ತಿದ್ದೆವು. ಅರ್ಥ ಆಗಿಲ್ಲ ಅನ್ನಲು ನಾಚಿಕೆ. ಮೊದಲ ಪರೀಕ್ಷೆಯ ಪೇಪರ್ ಕೈಗೆ ಬಂದ ದಿನ ಬಸ್ಸಿನಲ್ಲಿ ಅಳುತ್ತಾ ಬಂದೆ. ಹತ್ತರಲ್ಲಿ ಹುಷಾರು ಅನ್ನಿಸಿಕೊಂಡ ಹುಡುಗಿ ನಾಲ್ಕೇ ತಿಂಗಳಲ್ಲಿ ದಡ್ಡಿ ಆಗಿಬಿಟ್ಟೆನಾ ಅಂತ.

ದಡ್ಡಿ ಆಗಿರಲಿಲ್ಲ. ಭಾಷೆ ಬದಲಾಗಿತ್ತು. ನಿಮ್ಮ ಮಗಳಿಗೂ ಹೀಗಾದರೆ ಅವಳಿಗೆ ಈ ಮಾತು ಮೊದಲೇ ಗೊತ್ತಿರಬೇಕು, ನಿಮಗೂ ಗೊತ್ತಿರಬೇಕು.

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಕೇರಳಕ್ಕೆ ಸೇರಿತು. ಶಾಲೆಗಳಲ್ಲಿ ಕನ್ನಡ ಉಳಿಯಿತು. ಆದರೆ ಅದು ಉಳಿದಿರುವುದು ಹತ್ತರವರೆಗೆ. ಅಲ್ಲಿವರೆಗೆ ಗಣಿತ, ವಿಜ್ಞಾನ, ಸಮಾಜ ಎಲ್ಲವೂ ಕನ್ನಡದ ಪುಸ್ತಕದಲ್ಲೇ ಸಿಗುತ್ತದೆ. ಹನ್ನೊಂದಕ್ಕೆ ಕಾಲಿಟ್ಟ ದಿನ ಮೆಟ್ಟಿಲು ತಪ್ಪಿದ ಹಾಗೆ ಆಗುತ್ತದೆ. ಮಂಗಳೂರಿಗೆ ಹೋದರೂ ಸೈನ್ಸಿಗೆ ಪುಸ್ತಕ ಇಂಗ್ಲಿಷೇ. ಆದರೆ ಅಲ್ಲಿ ಅರ್ಥವಾಗದಿದ್ದರೆ ಲೆಕ್ಚರರ್ ಕನ್ನಡದಲ್ಲಿ ಹೇಳಿಕೊಡುತ್ತಾರೆ, ಪಕ್ಕದಲ್ಲಿ ಕೂತವಳನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಬಹುದು. ಮಂಜೇಶ್ವರ, ಕುಂಬಳೆ ಕಡೆಯ ಎಷ್ಟೋ ಮನೆಯವರು ಗಡಿ ದಾಟಲು ಮುಖ್ಯ ಕಾರಣ ಇದೇ ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಕೂಡಲೇ ಮಂಗಳೂರಿಗೆ ಕಳಿಸಿ ಅನ್ನುವುದಿಲ್ಲ. ನಿಮ್ಮ ಊರಿನ ಸುತ್ತ ಹೈಯರ್ ಸೆಕೆಂಡರಿ ಶಾಲೆಗಳು ಎಲ್ಲವೂ ಒಂದೇ ತರ ಇಲ್ಲ. ಕೆಲವು ಕಡೆ ಕನ್ನಡ ಬಲ್ಲ ಟೀಚರ್‌ಗಳು ಇದ್ದಾರೆ, ಕನ್ನಡವನ್ನು ಎರಡನೇ ಭಾಷೆಯಾಗಿ ತೆಗೆದುಕೊಳ್ಳಬಹುದು. ಕೆಲವು ಕಡೆ ಎರಡೂ ಇಲ್ಲ. ಟೀಚರ್ ಯಾವ ಭಾಷೆಯಲ್ಲಿ ಬಿಡಿಸಿ ಹೇಳುತ್ತಾರೆ ಎಂಬುದು ಪ್ರಾಸ್ಪೆಕ್ಟಸ್‌ನಲ್ಲಿ ಬರೆದಿರುವುದಿಲ್ಲ. ಅಲ್ಲೇ ಈಗ ಪ್ಲಸ್ ಟು ಓದುವ ಕನ್ನಡ ಶಾಲೆಯ ಮಕ್ಕಳನ್ನು ಹುಡುಕಿ ಕೇಳಬೇಕು. ಒಬ್ಬರನ್ನಲ್ಲ, ಮೂರ್ನಾಲ್ಕು ಜನರನ್ನು. 'ಅರ್ಥ ಆಗದಿದ್ದರೆ ಏನು ಮಾಡುತ್ತೀರಿ?' ಅಂತ ಒಂದೇ ಪ್ರಶ್ನೆ ಸಾಕು.

ಇನ್ನು ಅರ್ಜಿಯ ವಿಷಯ. ಕೇರಳದಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾಗದವರು ಇಲ್ಲವೆಂದೇ ಹೇಳಬಹುದು. 2025ರಲ್ಲಿ 99.5 ಶೇಕಡಾ ಪಾಸು. ಆದ್ದರಿಂದ ಎಲ್ಲರೂ ಒಟ್ಟಿಗೆ ಪ್ಲಸ್ ವನ್ ಬಾಗಿಲಿಗೆ ಬರುತ್ತಾರೆ. ಮಲಬಾರಿನ, ಅಂದರೆ ಉತ್ತರ ಕೇರಳದ, ಜಿಲ್ಲೆಗಳಲ್ಲಿ ಸೀಟು ಸಾಲುವುದಿಲ್ಲ ಎಂಬ ಕೂಗು ಪ್ರತಿ ವರ್ಷ ಇದ್ದದ್ದೇ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮೆರಿಟ್ ಸೀಟಿಗೆ ಆನ್‌ಲೈನಿನಲ್ಲಿ ಒಂದೇ ಅರ್ಜಿ. ಶಾಲೆ ಮತ್ತು ವಿಷಯಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಆಪ್ಷನ್ ಕೊಡಬೇಕು. ಅದೇ ಶಾಲೆಯಲ್ಲಿ ಹತ್ತು ಓದಿದವರಿಗೆ, ಅದೇ ಪಂಚಾಯತ್ ಅಥವಾ ತಾಲೂಕಿನವರಿಗೆ ಬೋನಸ್ ಪಾಯಿಂಟ್ ಸೇರುತ್ತದೆ. ಮೊದಲು ಟ್ರಯಲ್ ಅಲೋಟ್‌ಮೆಂಟ್, ಅಂದರೆ ಸೀಟು ಹಂಚಿಕೆಯ ಪ್ರಾಯೋಗಿಕ ಪಟ್ಟಿ, ಬರುತ್ತದೆ. ಅದನ್ನು ನೋಡಿ ತಪ್ಪು ತಿದ್ದಬಹುದು. ಇಲ್ಲಿ ಉದಾಸೀನ ಮಾಡಬೇಡಿ.

ಇಲ್ಲಿ ಆಗುವ ದೊಡ್ಡ ತಪ್ಪೊಂದಿದೆ. ಇರಲಿ ಅಂತ ದೂರದ ಶಾಲೆಗಳನ್ನೂ ಪಟ್ಟಿಯಲ್ಲಿ ಸೇರಿಸುತ್ತಾರೆ. ಆಮೇಲೆ ಅದೇ ಸಿಕ್ಕಿದರೆ ಹೋಗುವುದಿಲ್ಲ. ಅಲೋಟ್‌ಮೆಂಟ್ ಸಿಕ್ಕಿಯೂ ಸೇರದಿದ್ದರೆ ಮುಂದಿನ ಸುತ್ತಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಮಗಳು ದಿನಾ ಹೋಗಿ ಬರಲು ಆಗದ ಶಾಲೆಯನ್ನು ಬರೆಯಲೇಬೇಡಿ. ಮೊದಲ ಆಪ್ಷನ್ನೇ ಸಿಕ್ಕಿದರೆ ಖಾಯಂ ಆಗಿ ಸೇರಲೇಬೇಕು. ಕೆಳಗಿನದ್ದು ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು. ಕಳೆದ ವರ್ಷ ನಮ್ಮ ಪಕ್ಕದ ಮನೆಯ ಹುಡುಗ ಹಾಗೆ ಕಾದು, ಎರಡನೇ ಸುತ್ತಿನಲ್ಲಿ ಮನೆ ಹತ್ತಿರದ ಶಾಲೆಗೇ ಬಂದ.

ಮಂಗಳೂರಿನ ಮಾತಿಗೆ ಬರುತ್ತೇನೆ. ನಿಮ್ಮದು ಮಂಜೇಶ್ವರ, ಹೊಸಂಗಡಿ, ಉಪ್ಪಳದ ಹತ್ತಿರ ಆದರೆ ರೈಲಿಗೆ ಸೀಸನ್ ಟಿಕೆಟ್ ಮಾಡಿಸಿ ಮನೆಯಿಂದಲೇ ಹೋಗಿ ಬರಬಹುದು. ಪೆರ್ಲದ ಕಡೆಯವರು ಅಡ್ಕಸ್ಥಳ ದಾಟಿ ವಿಟ್ಲ, ಪುತ್ತೂರಿಗೆ ಹೋಗುತ್ತಾರೆ. ಆದೂರು, ಮುಳ್ಳೇರಿಯದವರಿಗೆ ಜಾಲ್ಸೂರು ದಾರಿಯಲ್ಲಿ ಸುಳ್ಯ ಇದೆ. ಎಲ್ಲರೂ ಮಂಗಳೂರಿಗೇ ಹೋಗಬೇಕಾಗಿಲ್ಲ. ಖಾಸಗಿ ಕಾಲೇಜುಗಳು ನಮ್ಮ ಅಲೋಟ್‌ಮೆಂಟ್ ಮುಗಿಯುವವರೆಗೆ ಕಾಯುವುದಿಲ್ಲ, ಫೀಸೂ ಕಡಿಮೆ ಇರುವುದಿಲ್ಲ. ಅಲ್ಲಿನ ಸರಕಾರಿ ಪಿಯು ಕಾಲೇಜನ್ನು ಮೊದಲು ವಿಚಾರಿಸಿ.

ಇದರಲ್ಲಿ ಒಂದು ಗಂಟು ಇದೆ. ಬಿಡಿಸಿಕೊಳ್ಳದೆ ಹೊರಡಬೇಡಿ. ಎರಡು ವರ್ಷ ಪಿಯುಸಿ ಅಲ್ಲಿ ಓದಿದ ಮಾತ್ರಕ್ಕೆ ಕರ್ನಾಟಕದ ಸಿಇಟಿಯಲ್ಲಿ ಅಲ್ಲಿನವರ ಹಾಗೆ ಸರಕಾರಿ ಸೀಟು ಸಿಗುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ನಮ್ಮಂಥವರಿಗಾಗಿ ಗಡಿನಾಡು ಕನ್ನಡಿಗರು, ಹೊರನಾಡು ಕನ್ನಡಿಗರು ಎಂಬ ಬೇರೆ ಅವಕಾಶ ಇದೆ. ಅದರಲ್ಲಿ ಕನ್ನಡ, ತುಳು, ಕೊಡವ ಮಾತೃಭಾಷೆಯವರು ಬರುತ್ತಾರೆ. ಕನ್ನಡ ಭಾಷಾ ಪರೀಕ್ಷೆಯೂ ಬರೆಯಬೇಕು. ಯಾವ ತರಗತಿ ಎಲ್ಲಿ ಓದಿರಬೇಕು ಎಂಬ ಶರತ್ತನ್ನು ಆ ವರ್ಷದ ಕೈಪಿಡಿಯಲ್ಲಿ ಅಕ್ಷರ ಅಕ್ಷರ ಓದಿಕೊಳ್ಳಿ. ಇಂಜಿನಿಯರಿಂಗ್, ಕೃಷಿ ಅಂತ ಮಗಳ ಮನಸ್ಸಿನಲ್ಲಿದ್ದರೆ ಈ ಲೆಕ್ಕವನ್ನು ಈಗಲೇ ಹಾಕಿ, ಎರಡು ವರ್ಷ ಆದ ಮೇಲಲ್ಲ.

ನನ್ನ ಅಕ್ಕನ ಮಗಳು ಮಂಗಳೂರಿನಲ್ಲೇ ಪಿಯುಸಿ ಮಾಡಿದ್ದು. ಕಾಮರ್ಸ್. ಮನೆಯಿಂದ ರೈಲಿನಲ್ಲಿ ಹೋಗುತ್ತಿದ್ದಳು, ಖುಷಿಯಾಗಿದ್ದಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಅವಳ ಇಂಗ್ಲಿಷ್ ಪರೀಕ್ಷೆಯೊಂದು ಬಾಕಿ ಉಳಿದಿತ್ತು. ಅದು ನಡೆದದ್ದು ಜೂನ್ 18ಕ್ಕೆ. ಅಷ್ಟು ದಿನವೂ ಹೋಗಲು ಬಿಡುತ್ತಾರಾ ಇಲ್ಲವಾ ಅಂತ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಕೊನೆಗೆ ಬರೆದಳು, ಪಾಸಾದಳು, ಈಗ ಮಂಗಳೂರಿನಲ್ಲೇ ಅಕೌಂಟ್ಸ್ ಕೆಲಸದಲ್ಲಿದ್ದಾಳೆ. ಅಂಥ ದಿನ ಮತ್ತೆ ಬರಬಾರದು. ಆದರೆ ನಾವು ದಿನಾ ಸುಮ್ನೆ ದಾಟುವ ತಲಪಾಡಿ ಒಂದು ರಾಜ್ಯದ ಗಡಿ ಎಂಬುದು ನಮ್ಮ ಮನೆಯವರಿಗೆ ಅರ್ಥವಾದದ್ದು ಆ ಮೂರು ತಿಂಗಳಲ್ಲಿ.

ಪ್ಲಸ್ ಟು ಮತ್ತು ಪಿಯುಸಿ ಬಿಟ್ಟರೆ ಬೇರೆ ಏನೂ ಇಲ್ಲ ಅಂತ ನಮ್ಮಲ್ಲಿ ಜಾಸ್ತಿ ಜನ ತಿಳಿದಿದ್ದಾರೆ. ನನ್ನ ತಮ್ಮ ಹತ್ತು ಮುಗಿಸಿ ಕಾಸರಗೋಡು ವಿದ್ಯಾನಗರದ ಸರಕಾರಿ ಐಟಿಐಗೆ ಸೇರಿದ. ಎಲೆಕ್ಟ್ರಿಷಿಯನ್, ಎರಡು ವರ್ಷ. ಆಗ ನೆಂಟರೆಲ್ಲ 'ಅಕ್ಕ ಸೈನ್ಸ್ ಓದಿದಳು, ಇವನು ಹೀಗೆ' ಅಂದರು. ಅಪ್ಪನಿಗೂ ಬೇಸರ ಇತ್ತು. ಐಟಿಐ ಆದ ಮೇಲೆ ಅಪ್ರೆಂಟಿಸ್ ಮಾಡಿದ, ನಾಲ್ಕು ವರ್ಷ ಗಲ್ಫಿನಲ್ಲಿ ದುಡಿದ, ಈಗ ಊರಿನಲ್ಲೇ ವಯರಿಂಗ್ ಕೆಲಸ ಹಿಡಿದು ಇಬ್ಬರಿಗೆ ಕೆಲಸ ಕೊಟ್ಟಿದ್ದಾನೆ. ನನಗಿಂತ ಮೊದಲು ಮನೆಗೆ ದುಡ್ಡು ತಂದವನು ಅವನು. ಹೆಣ್ಣುಮಕ್ಕಳಿಗೂ ಐಟಿಐ ಇದೆ, ಕಂಪ್ಯೂಟರಿನ ಒಂದು ವರ್ಷದ ಕೋರ್ಸಿಗೆ ತುಂಬ ಹುಡುಗಿಯರು ಸೇರುತ್ತಾರೆ.

ಗಣಿತ ಇಷ್ಟ ಇದ್ದರೆ ಪಾಲಿಟೆಕ್ನಿಕ್ ಡಿಪ್ಲೊಮಾ. ಮೂರು ವರ್ಷ. ನಮ್ಮ ಜಿಲ್ಲೆಯಲ್ಲಿ ಕಾಞಂಗಾಡಿನಲ್ಲಿದೆ, ತೃಕ್ಕರಿಪುರದಲ್ಲಿ ಸರಕಾರಿಯದ್ದಿದೆ. ಎರಡೂ ಜಿಲ್ಲೆಯ ತೆಂಕು ಭಾಗದಲ್ಲಿ, ನಿಮಗೆ ದೂರ, ಅಲ್ಲಿ ಪೂರ್ತಿ ಮಲಯಾಳಂ ವಾತಾವರಣ. ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ವಿಎಚ್‌ಎಸ್‌ಇ (ವೃತ್ತಿಪರ ಹೈಯರ್ ಸೆಕೆಂಡರಿ) ಎಂಬುದೂ ಇದೆ, ಅದು ಪ್ಲಸ್ ಟುವಿಗೆ ಸಮ, ಜೊತೆಗೆ ಒಂದು ಕೆಲಸವನ್ನೂ ಕಲಿಸುತ್ತಾರೆ. ಎಲ್ಲೂ ಸೀಟು ಸಿಗದಿದ್ದರೆ ಸರಕಾರದ ಓಪನ್ ಶಿಕ್ಷಣ ಸಂಸ್ಥೆ ಸ್ಕೋಲ್ ಕೇರಳದ ಮೂಲಕ ಓಪನ್ ಆಗಿ ಪ್ಲಸ್ ಟು ಬರೆಯಬಹುದು. ಆದರೆ ಮನೆಯಲ್ಲೇ ಕೂತು ಓದುವ ಶಿಸ್ತು ಹದಿನಾರರ ಮಕ್ಕಳಿಗೆ ಕಷ್ಟ.

ನನ್ನ ಕತೆ ಅರ್ಧದಲ್ಲಿ ನಿಲ್ಲಿಸಿದೆ ಅಲ್ವಾ. ಪ್ಲಸ್ ಒನ್‌ನ ಆ ಪೇಪರ್ ಆದ ಮೇಲೆ ನಾವು ಕನ್ನಡ ಶಾಲೆಯವರು ನಾಲ್ಕು ಜನ ಸೇರಿ ಒಂದು ನೋಟ್‌ಬುಕ್ ಮಾಡಿದೆವು. ಒಂದು ಸಾಲಿನಲ್ಲಿ ಮೂರು ಕಾಲಂ. ಕನ್ನಡದ ಪದ, ಇಂಗ್ಲಿಷ್ ಪದ, ಸರ್ ಹೇಳುವ ಮಲಯಾಳಂ ಪದ. ಎರಡನೇ ವರ್ಷಕ್ಕೆ ಬರುವಾಗ ಪಾಠ ಕಿವಿಗೆ ಹತ್ತುತ್ತಿತ್ತು. ಫಿಸಿಕ್ಸಿನಲ್ಲಿ ಕೊನೆಗೂ ಸಿ ಪ್ಲಸ್ಸೇ ಬಂದದ್ದು, ಆದರೆ ಪಾಸಾದೆ. ಅಲ್ಲಿಂದ ಮಾಯಿಪ್ಪಾಡಿಯ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಟೀಚರ್ ಟ್ರೈನಿಂಗ್, ಕನ್ನಡದಲ್ಲೇ. ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಿ, ಸರಕಾರಿ ಕೆಲಸಕ್ಕೆ ಲೋಕಸೇವಾ ಆಯೋಗದ (ಪಿಎಸ್‌ಸಿ) ಪರೀಕ್ಷೆ ಬರೆದೆ. ಕನ್ನಡ ಮಾಧ್ಯಮದ ಶಿಕ್ಷಕರ ಹುದ್ದೆಗಳಿಗೆ ಪಿಎಸ್‌ಸಿ ಬೇರೆಯೇ ಪರೀಕ್ಷೆ ನಡೆಸುತ್ತದೆ, ಕನ್ನಡ ಮತ್ತು ಮಲಯಾಳಂ ಎರಡೂ ಬಲ್ಲ ಕ್ಲರ್ಕ್ ಹುದ್ದೆಗಳನ್ನೂ ಕರೆಯುತ್ತದೆ. ಎರಡೂ ಗೊತ್ತಿರಬೇಕು ಎಂಬುದನ್ನು ಗಮನಿಸಿ. ಕನ್ನಡವನ್ನೇ ಮುಂದೆ ಓದುವ ಆಸೆ ಇದ್ದರೆ 1957ರಲ್ಲಿ ಶುರುವಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಬಿಎ, ಎಂಎ ಎರಡೂ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು ನಿಮಗೆ ಇನ್ನೂ ಹತ್ತಿರ.

ಈಗ ನಿಮ್ಮ ಮಗಳ ಬಗ್ಗೆ ನನ್ನ ಅಭಿಪ್ರಾಯ. ಟೀಚರ್, ಸರಕಾರಿ ಕೆಲಸ, ಇಲ್ಲೇ ಬದುಕು ಅನ್ನುವ ಮನಸ್ಸಿದ್ದರೆ ಊರಿನ ಪ್ಲಸ್ ಟುವೇ ಒಳ್ಳೆಯದು. ಕಷ್ಟಪಟ್ಟು ಕಲಿತ ಆ ಮಲಯಾಳಂ ಅವಳಿಗೆ ಮುಂದೆ ಅನ್ನ ಕೊಡುತ್ತದೆ, ನನಗೆ ಕೊಟ್ಟಿದೆ. ಮಂಗಳೂರಿನಲ್ಲೇ ಡಿಗ್ರಿ, ಅಲ್ಲೇ ಕೆಲಸ ಅನ್ನುವ ಯೋಚನೆ ಇದ್ದರೆ ಪಿಯುಸಿಗೇ ಕಳಿಸಿ, ಗಡಿನಾಡು ಶರತ್ತನ್ನು ನೋಡಿಕೊಂಡು. ಹೆಣ್ಣುಮಗು, ದೂರ ಬೇಡ ಅನ್ನುವ ಒಂದೇ ಕಾರಣಕ್ಕೆ ಅವಳಿಗೆ ಇಷ್ಟವಿಲ್ಲದ ವಿಷಯ ಕೊಡಿಸಬೇಡಿ. ಪ್ರತಿ ವರ್ಷ ಅಕ್ಷಯ ಕೇಂದ್ರದಲ್ಲಿ ಅಂಥ ಒಬ್ಬಳಾದರೂ ನನ್ನ ಪಕ್ಕ ಕೂತು ಕಣ್ಣೊರೆಸಿಕೊಳ್ಳುತ್ತಾಳೆ.

ಎಲ್ಲಿಗೆ ಸೇರಿಸಿದರೂ ಕ್ಲಾಸ್ ಶುರುವಾಗುವ ಮೊದಲು ಕೆಲವು ವಾರ ಸಿಗುತ್ತದೆ. ಹತ್ತರ ವಿಜ್ಞಾನ, ಗಣಿತದ ಕನ್ನಡ ಪುಸ್ತಕವನ್ನು ಮತ್ತು ಅದೇ ಪುಸ್ತಕದ ಇಂಗ್ಲಿಷ್ ಪ್ರತಿಯನ್ನು ಅಕ್ಕಪಕ್ಕ ಇಟ್ಟು ಓದಲಿ. ಪಾಠ ಅವಳಿಗೆ ಗೊತ್ತಿರುವುದೇ, ಪದ ಮಾತ್ರ ಹೊಸತು. ದಿನಕ್ಕೆ ಹತ್ತು ಪದ ಸಾಕು. ನಮ್ಮ ಹಳೆಯ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ, ಬೇಕಾದರೆ ಫೋಟೋ ತೆಗೆದು ಹಾಕುತ್ತೇನೆ. ನಿಮ್ಮದು ಯಾವ ಪಂಚಾಯತ್ ಅಂತಲೂ ಬರೆಯಿರಿ, ಆ ಕಡೆಯ ಶಾಲೆಗಳಲ್ಲಿ ಓದುವ ಮಕ್ಕಳನ್ನು ಕೇಳಿ ಹೇಳುತ್ತೇನೆ.