ಪ್ರತಿಕ್ರಿಯೆ: 100 ಉಪಗ್ರಹ ಇಟ್ಟರೂ ಮಂಗಳೂರಿಗೆ ಸಿಗ್ನಲ್ ಯಾಕಿಲ್ಲ?

ಉಪಗ್ರಹ ಇಂಟರ್ನೆಟ್ಟಿನ ನಿಮ್ಮ ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ 550 ಕಿ.ಮೀ. ಎತ್ತರ, ಸಮಭಾಜಕಕ್ಕೆ 53 ಡಿಗ್ರಿ ಓರೆಯಾದ ಕಕ್ಷೆ, 100 ಉಪಗ್ರಹ ಹಾಕಿದರೆ ಮಂಗಳೂರಿಗೆ ಅರ್ಧಕ್ಕರ್ಧ ಹೊತ್ತು ಸಿಗ್ನಲ್ಲೇ ಇಲ್ಲ ಅಂದಿದ್ದೀರಿ. ಕೋಡ್ ತಪ್ಪಿರಲಿಕ್ಕಿಲ್ಲ, ಉಪಗ್ರಹಗಳೇ ಸಾಲದು.

ಮೊದಲು ಕೈಲೆಕ್ಕ ಮಾಡಿ. ನೀವು ಹಾಕಿರುವ 25 ಡಿಗ್ರಿ ಕನಿಷ್ಠ ಕೋನಕ್ಕೆ (ಉಪಗ್ರಹ ದಿಗಂತದಿಂದ ಇಷ್ಟಾದರೂ ಮೇಲಿದ್ದರೆ ಮಾತ್ರ ಸಿಗ್ನಲ್) ಒಂದು ಉಪಗ್ರಹ ಸುತ್ತ ಸುಮಾರು 940 ಕಿ.ಮೀ. ತನಕ ಮಾತ್ರ ಕಾಣುತ್ತದೆ, ಅಂದರೆ ಭೂಮಿಯ ಇನ್ನೂರರಲ್ಲಿ ಒಂದು ಪಾಲು. ನೆತ್ತಿ ಮೇಲೆಯೇ ಹಾದರೂ ನಾಲ್ಕೂವರೆ ನಿಮಿಷಕ್ಕೆ ಮಾಯ. ಇನ್ನೊಂದು ತೊಡಕು, 53 ಡಿಗ್ರಿ ಕಕ್ಷೆಯಲ್ಲಿ ಉಪಗ್ರಹಗಳು ಯುರೋಪಿನ ಅಕ್ಷಾಂಶದ ಹತ್ತಿರ ಜಾಸ್ತಿ ಗುಂಪುಗೂಡುತ್ತವೆ, ನಮ್ಮ 13 ಡಿಗ್ರಿಯಲ್ಲಿ ತೆಳು.

ಕೋನವನ್ನು ಸುಮ್ನೆ 10ಕ್ಕೆ ಇಳಿಸಬೇಡಿ. ಇಲ್ಲಿ ಟೆರೇಸ್ ಮೇಲೆ ನಿಂತರೂ ಸುತ್ತ ತೆಂಗಿನ ಗರಿಗಳೇ ಅಲ್ವಾ, ಅಷ್ಟು ಕೆಳಗಿನ ಆಕಾಶ ಡಿಶ್‌ಗೆ ಕಾಣುವುದೇ ಇಲ್ಲ. ಸಂಖ್ಯೆಯನ್ನು 1000ಕ್ಕೆ ಏರಿಸಿ, ಆಗ ಒಂದು ಹೊತ್ತಿಗೆ ಸರಾಸರಿ ನಾಲ್ಕೈದು ಕಾಣಬೇಕು. ಅಷ್ಟು ಬೇಡವಾದರೆ ಎತ್ತರ 1200 ಕಿ.ಮೀ. ಮಾಡಿ. ವಿಳಂಬ ಸ್ವಲ್ಪ ಹೆಚ್ಚುತ್ತದೆ, ಆದರೆ ವ್ಯಾಪ್ತಿ ಮೂರು ಪಟ್ಟಿಗಿಂತ ಜಾಸ್ತಿ.

ಆಮೇಲೆ ಗೇಟ್‌ವೇ ನೋಡಿ, ಅಂದರೆ ಉಪಗ್ರಹವನ್ನು ಇಂಟರ್ನೆಟ್ಟಿಗೆ ಜೋಡಿಸುವ ನೆಲದ ಕೇಂದ್ರ. ಉಪಗ್ರಹದಿಂದ ಉಪಗ್ರಹಕ್ಕೆ ಲೇಸರ್ ಕೊಂಡಿ ಇಲ್ಲದಿದ್ದರೆ ಒಂದೇ ಉಪಗ್ರಹ ನಿಮ್ಮ ಡಿಶ್ಶಿಗೂ ಗೇಟ್‌ವೇಗೂ ಒಟ್ಟಿಗೆ ಕಾಣಬೇಕು. ಗೇಟ್‌ವೇ ಬೆಂಗಳೂರಿನಲ್ಲಿದ್ದರೆ ಅರಬ್ಬಿ ಸಮುದ್ರದ ಮೇಲೆ ದೂರದಲ್ಲಿರುವ ಉಪಗ್ರಹ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟಾದ ಮೇಲೂ ಒಂದೇ ಲಯದಲ್ಲಿ ಖಾಲಿ ಬಿದ್ದರೆ, ಪಕ್ಕದ ಕಕ್ಷೆಗಳ ಉಪಗ್ರಹಗಳು ಸಾಲಾಗಿ ಒಟ್ಟಿಗೇ ಹಾದುಹೋಗುತ್ತಿರಬಹುದು. ಒಂದು ಕಕ್ಷೆಯ ಉಪಗ್ರಹ ಪಕ್ಕದ ಕಕ್ಷೆಯದಕ್ಕಿಂತ ಎಷ್ಟು ಹಿಂದೆ ಮುಂದೆ ಇರಬೇಕು ಎಂಬ ಅಂತರವನ್ನು ನೀವು ಬರೆದಿಲ್ಲ, ಹಾಗಾಗಿ ಇದು ನನ್ನ ಊಹೆ. ಅದನ್ನೊಂದು ಹಾಕಿ.