ಗ್ವೆಲ್ಫಿಗೆ ಬರುತ್ತಿರುವ ಮಳವಳ್ಳಿಯ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಸೆಪ್ಟೆಂಬರಿಗೆ ಕೆನಡಾದ ಗ್ವೆಲ್ಫಿಗೆ ಬರ್ತಿದ್ದೀಯ, ಓದೋದು ದನಕರುಗಳ ಜೀನ್ ತಿದ್ದುವ ವಿಷಯ. ಚಳಿ ಹೇಗೆ, ಬಾಡಿಗೆ ಎಷ್ಟು, ಊಟಕ್ಕೇನು ಅಂತ ಕೇಳಿದ್ದೀಯ. ಕೊನೆಗೆ, "ಅಲ್ಲಿನ ಜನ ಇದನ್ನ ಒಪ್ಕೊಂಡಿದ್ದಾರಾ ಅಣ್ಣ? ನಮ್ಮೂರಲ್ಲಿ ಎಲ್ಲರೂ ಹೆದರಿಸ್ತಾರೆ, ಏನು ಹೇಳಲಿ?" ಅಂತಲೂ.

ಕೋಟು, ಬೂಟು ಇಲ್ಲೇ ಬಂದು ತಗೋ, ಮಂಡ್ಯದಿಂದ ಸ್ವೆಟರ್ ಹೊತ್ತು ತರಬೇಡ. ಬಾಡಿಗೆ ಜಾಸ್ತಿ, ಮೂರ್ನಾಲ್ಕು ಜನ ಸೇರಿ ಮನೆ ಹಿಡೀತಾರೆ. ರಾಗಿಹಿಟ್ಟು ಇಲ್ಲೂ ಸಿಗುತ್ತೆ, ಆ ಘಮ ಮಾತ್ರ ಇರಲ್ಲ. ಐದು ಕೆಜಿ ತಂದ್ಕೋ, ಮುದ್ದೆ ಕೋಲು ಮರೀಬೇಡ.

ನಾನು ಬಂದಿಳಿದದ್ದು 2003ರ ಜನವರಿಯಲ್ಲಿ. ಮೂರು ತಿಂಗಳು ಕಣ್ಣಿಗೆ ಹಿಮ ಬಿಟ್ಟು ಬೇರೇನೂ ಬೀಳಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಸುತ್ತಲ ಹೊಲಗಳಿಗೆ ಗೊಬ್ಬರ ಚೆಲ್ಲಿದ್ದರು, ಬಸ್ಸಿನೊಳಕ್ಕೆ ಸಗಣಿ ವಾಸನೆ ಬಂತು. ಕಣ್ಣು ತುಂಬಿಕೊಂಡಿತು.

ಆ ಗೊಬ್ಬರದ್ದೇ ಇಲ್ಲಿ ದೊಡ್ಡ ಕಥೆ. ಕಾಳಿನಲ್ಲಿರುವ ರಂಜಕದ (ಫಾಸ್ಫರಸ್) ಬಹುಪಾಲು ಹಂದಿಗೆ ಅರಗುವುದಿಲ್ಲ. ಅದು ಸಗಣಿಯಲ್ಲಿ ಹೊರಬಿದ್ದು, ಮಳೆಗೆ ಹೊಳೆ ಸೇರಿ, ಪಾಚಿ ಕಟ್ಟಿ, ಮೀನು ಸಾಯುತ್ತವೆ. ಗ್ವೆಲ್ಫ್ ವಿಶ್ವವಿದ್ಯಾಲಯದವರು ಇ-ಕೋಲಿ ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಜೊಲ್ಲಿನಲ್ಲೇ ರಂಜಕ ಅರಗಿಸುವ ಕಿಣ್ವ (ಎನ್ಜೈಮ್) ಹುಟ್ಟುವ ಹಂದಿ ಮಾಡಿದ್ದರು. ಎನ್ವಿರೋಪಿಗ್ ಅಂತ ಹೆಸರು, ಮೊದಲ ಮರಿಗಳು ಹುಟ್ಟಿದ್ದು 1999ರಲ್ಲಿ. ನನಗೂ ಆ ಕೆಲಸಕ್ಕೂ ಸಂಬಂಧವಿರಲಿಲ್ಲ. ಆದರೂ ನಮ್ಮ ಗ್ವೆಲ್ಫಿನದು ಅಂತ ಹೆಮ್ಮೆ. 2010ರಲ್ಲಿ ರಜೆಗೆ ಬಂದಾಗ ಜಗಲಿ ಮೇಲೆ ಕೂತು ಅಪ್ಪನಿಗೆ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಪ್ಪ, "ಅಷ್ಟೊಂದ್ ಹಂದೀನ ಒಂದೇ ಕಡೆ ಯಾಕ್ಲಾ ಕೂಡಾಕ್ಬೇಕು? ಹಂದಿ ಕಮ್ಮಿ ಮಾಡ್ಕಳಕ್ಕಾಗಲ್ವಾ?" ಅಂದ್ರು.

"ನಿನಗೆ ಅರ್ಥ ಆಗಲ್ಲ ಬಿಡಪ್ಪ" ಅಂದೆ. ಅಪ್ಪ ಟವಲ್ ಕೊಡವಿಕೊಂಡು ಕುರಿ ಹಟ್ಟಿ ಕಡೆ ಹೋದರು. ಆಮೇಲೆ ಗ್ವೆಲ್ಫಿನ ವಿಷಯ ಅವರಾಗಿ ಕೇಳಲೇ ಇಲ್ಲ.

ವಾಪಸ್ ಬಂದು ಓದಿದರೆ ಇಲ್ಲಿನ ವಿರೋಧಿಗಳದ್ದೂ ಅದೇ ಮಾತು: ಕಡಿಮೆ ಹಂದಿ ಸಾಕಿ, ಇಲ್ಲ ಆ ಕಿಣ್ವವನ್ನು ಮೇವಿಗೇ ಬೆರೆಸಿ. ಮೇವಿಗೆ ಬೆರೆಸುವ ದಾರಿ ಮೊದಲಿಂದಲೂ ಇತ್ತು. 2012ರಲ್ಲಿ ಹಂದಿ ಸಾಕಣೆದಾರರ ಸಂಘ ಎನ್ವಿರೋಪಿಗ್ ಕೆಲಸಕ್ಕೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಸಾಕಿಕೊಳ್ತೀವಿ ಅಂದವರಿಗೂ ಕೊಡದೆ ಅಷ್ಟೂ ಹಂದಿಗಳನ್ನು ಕೊಂದರು. ಫೋನಿನಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರಿಗಳೂ ಇದ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವರ್ಷ ಅಪ್ಪ ಹೋದರು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಇಲ್ಲಿನವರು ಒಪ್ಪಿದ್ದಾರಾ ಅಂದರೆ, ಒಬ್ಬೊಬ್ಬರದು ಒಂದೊಂದು ಮಾತು. ಬೇರೆ ಜೀನ್ ಸೇರಿಸಿ ಬೇಗ ಬೆಳೆಯುವಂತೆ ಮಾಡಿದ ಸಾಲ್ಮನ್ ಮೀನಿಗೆ ಕೆನಡಾ 2016ರಲ್ಲಿ ಅನುಮತಿ ಕೊಟ್ಟಿತು. ಮರುವರ್ಷ ನಾಲ್ಕೂವರೆ ಟನ್‌ನಷ್ಟು ಮಾರಾಟವೂ ಆಯಿತು, ಇದು ಅಂಥ ಮೀನು ಅಂತ ಚೀಟಿ ಅಂಟಿಸಬೇಕೆಂಬ ನಿಯಮವಿಲ್ಲದೆ. ಜನ ಸಿಟ್ಟಾದದ್ದು ಮುಖ್ಯವಾಗಿ ಅದಕ್ಕೆ. ಬಂಡೂರು ಕುರಿ ಅಂತ ಹೇಳಿ ಬೇರೆ ಮಾಂಸ ತೂಗಿದರೆ ನಮ್ಮೂರಲ್ಲಿ ಬಿಡ್ತಾರಾ? ಅಮೆರಿಕದಲ್ಲಿ, ಕೊಂಬಿನ ಬುಡ ಸುಡುವ ನೋವು ತಪ್ಪಲಿ ಅಂತ ಜೀನ್ ತಿದ್ದಿ ಕೊಂಬೇ ಬರದ ಹೋರಿಗಳನ್ನು ಮಾಡಿದರು. 2019ರಲ್ಲಿ ಸರ್ಕಾರದ ವಿಜ್ಞಾನಿಗಳು ನೋಡಿದರೆ ಅವುಗಳ ಜೀನ್‌ನಲ್ಲಿ ಬ್ಯಾಕ್ಟೀರಿಯಾದ ತುಣುಕು ಸೇರಿಕೊಂಡಿತ್ತು, ಆಂಟಿಬಯೋಟಿಕ್ ತಡೆಯುವ ಜೀನ್ ಸಮೇತ. ಮಾಡಿದವರ ಕಣ್ಣಿಗೇ ಅದು ಬಿದ್ದಿರಲಿಲ್ಲ. ಸಂಕ್ರಾಂತಿಗೆ ಹಳ್ಳಿಕಾರ್ ಎತ್ತಿನ ಕೊಂಬಿಗೆ ಬಣ್ಣ ಬಳಿದ ಕೈ ನನ್ನದು. ಆ ಸುದ್ದಿ ಓದಿದ ದಿನ ನಿದ್ದೆ ಬರಲಿಲ್ಲ.

ಹಾಗಂತ ಓದು ಬಿಡು ಅಂತ ಹೇಳ್ತಿಲ್ಲ. ನಮ್ಮ ಮನೆಯ ಎಚ್‌ಎಫ್ ಸೀಮೆಹಸು ಬೇಸಿಗೆಯಲ್ಲಿ ನಾಲಿಗೆ ಚಾಚಿ ಏದುಸಿರು ಬಿಡ್ತಿತ್ತು, ಅಪ್ಪ ಗೋಣಿಚೀಲ ನೆನೆಸಿ ಅದರ ಬೆನ್ನಿಗೆ ಹಾಸ್ತಿದ್ರು. ಬಿಸಿಲು ತಡೆಯುವ ಹಾಗೆ ಜೀನ್ ತಿದ್ದಿದ ಗಿಡ್ಡ ಕೂದಲಿನ ದನಗಳಿಗೆ 2022ರಲ್ಲಿ ಅಮೆರಿಕ ಸರ್ಕಾರ ಅಡ್ಡಿಯಿಲ್ಲ ಅಂದಿತು. ಕೆರಿಬಿಯನ್ ಕಡೆಯ ದನಗಳಿಗೆ ಆ ಗುಣ ಹುಟ್ಟಿನಿಂದಲೇ ಇದೆ. ಅಂಥ ಕರುವನ್ನು ಅಪ್ಪ ಬೇಡ ಅಂತಿರಲಿಲ್ಲ. ಹಾಲೆಷ್ಟು, ಬಾಳುತ್ತಾ, ಅದರ ಕರುವಿಗೂ ಕಂಪನಿಗೆ ದುಡ್ಡು ಕಟ್ಟಬೇಕಾ ಅಂತ ಕೇಳಿರೋರು.

ಹೊರಡೋ ಮುಂಚೆ ನಿಮ್ಮ ಕೊಟ್ಟಿಗೆಯಲ್ಲಿ ಒಂದು ಸಂಜೆ ಕೂತ್ಕೋ. ಏನು ಓದೋಕೆ ಹೋಗ್ತಿದ್ದೀಯ ಅಂತ ನಿಮ್ಮಪ್ಪನಿಗೆ ಹೇಳು, ಅವರು ಕೇಳಿದ್ದನ್ನು ಅವರ ಮಾತಲ್ಲೇ ಬರ್ಕೋ. ವಿಮಾನದ ದಿನ ತಿಳಿಸು, ಟೊರೊಂಟೊಗೆ ನಾನೇ ಕಾರು ತರ್ತೀನಿ. ಗ್ವೆಲ್ಫಿಗೆ ಒಂದು ಗಂಟೆ ದಾರಿ, ಬರುವಾಗ ಓದಿ ಹೇಳುವೆಯಂತೆ.